ಅಕ್ಷರ ಅದೇ, ಓದು ಬೇರೆ: ‘ಮರುವ್ಯಾಖ್ಯಾನಿಸು’ ಅಂದರೆ ಏನು?

ಕಲಬುರಗಿಯಲ್ಲಿ ವಕೀಲರಿಗೆ ಕಾಗದಪತ್ರ ಅನುವಾದ ಮಾಡಿಕೊಡುವುದು ನನ್ನ ಕೆಲಸ. ಇಂಗ್ಲಿಷಿನ ತೀರ್ಪು ಕನ್ನಡಕ್ಕೆ, ಕನ್ನಡದ ಖರೀದಿ ಪತ್ರ, ವಾಟ್ನಿ ಪತ್ರ (ಪಾಲು ಪತ್ರ) ಇಂಗ್ಲಿಷಿಗೆ. ದಿನಾ ಇದೇ. ಈ ಕೆಲಸದಲ್ಲಿ ಒಂದು ಕ್ರಿಯಾಪದ ಆಚೀಚೆ ಆದರೆ ಒಬ್ಬರ ಹೊಲವೇ ಆಚೀಚೆ ಆಗಬಹುದು. ಅದು ನನಗೆ ಸರಿಯಾಗಿ ಮನಸ್ಸಿಗೆ ಇಳಿದದ್ದು 2020ರಲ್ಲಿ.

ಆ ವರ್ಷದ ಕೊನೆಗೆ ಜೇವರ್ಗಿ ಕಡೆಯ ಒಬ್ಬ ಹೆಣ್ಣುಮಗಳು ಬಂದಿದ್ದರು. ಕೈಯಲ್ಲಿ ನಾಲ್ಕು ಮಡಿಕೆ ಮಾಡಿದ ಪೇಪರ್ ತುಣುಕು, ಹೆಣ್ಣುಮಕ್ಕಳ ಪಾಲಿನ ಬಗ್ಗೆ ಸುಪ್ರೀಂ ಕೋರ್ಟ್ ಕೊಟ್ಟ ತೀರ್ಪಿನ ಸುದ್ದಿ. ಮಡಿಕೆ ಬಿದ್ದ ಕಡೆ ಅಕ್ಷರ ಅಳಿಸಿಹೋಗಿತ್ತು. ತಂದೆ 1998ರಲ್ಲೇ ತೀರಿಕೊಂಡಿದ್ದರು. ಹಿರಿಯರಿಂದ ಬಂದ ಹೊಲ ಇನ್ನೂ ಪಾಲಾಗಿರಲಿಲ್ಲ. “ಸರ, ಕಾಯ್ದಾ ಬದಲಾಗ್ಯದಂತಲ್ರಿ. ಈಗ ನಮಗೂ ಪಾಲು ಬರ್ತದೇನ್ರಿ?” ಎಂದು ಕೇಳಿದರು.

ಅವರ ವಕೀಲರಿಗೆ ಕೊಡಬೇಕಿದ್ದ ಟಿಪ್ಪಣಿಯಲ್ಲಿ ನಾನು ಅವರ ಮಾತನ್ನೇ ಇಟ್ಟೆ: “ಸುಪ್ರೀಂ ಕೋರ್ಟ್ ಕಾಯ್ದೆಯನ್ನು ಬದಲಿಸಿತು.” ವಕೀಲರು ವಯಸ್ಸಾದವರು. ‘ಬದಲಿಸಿತು’ ಎಂಬ ಪದದ ಕೆಳಗೆ ಪೆನ್ಸಿಲಿನಿಂದ ಎರಡು ಗೆರೆ ಎಳೆದರು. “ಬದಲಿಸಿಲ್ರೀ. ಒಂದ್ ಅಕ್ಷರ ಸೈತ ಮುಟ್ಟಿಲ್ಲ. ಇದ್ದದ್ದನ್ನೇ ಬ್ಯಾರೆ ಓದ್ಯಾರ. ಬದಲಿಸೋ ಕೆಲಸ ಪಾರ್ಲಿಮೆಂಟಿಂದು. ನೀವು ಹಿಂಗ ಬರದ್ರ ಎದುರಿನವ್ರು ಇದನ್ನೇ ಹಿಡ್ಕೊಂಡು ನಿಲ್ತಾರ.”

ಅವರು ಹೇಳಿದ “ಇದ್ದದ್ದನ್ನೇ ಬೇರೆ ಓದುವುದು” ಇದೆಯಲ್ಲ, ಅದಕ್ಕೆ ಬರವಣಿಗೆಯ ಕನ್ನಡದಲ್ಲಿ ಒಂದು ಉದ್ದನೆಯ ಕ್ರಿಯಾಪದ ಇದೆ: ಮರುವ್ಯಾಖ್ಯಾನಿಸು. ಪತ್ರಿಕೆಯಲ್ಲಿ, ಭಾಷಣದಲ್ಲಿ, ಜಾಹೀರಾತಿನಲ್ಲಿ ಈಗ ಜಾಸ್ತಿ ಕಾಣುತ್ತದೆ. ಅರ್ಧಕ್ಕರ್ಧ ಕಡೆ ಅದು ತಪ್ಪು ಜಾಗದಲ್ಲಿ ಕೂತಿರುತ್ತದೆ ಎಂಬುದು ನನ್ನ ಅನಿಸಿಕೆ.

ಪದವನ್ನು ಬಿಚ್ಚಿ ನೋಡೋಣ. ‘ವ್ಯಾಖ್ಯಾನ’ ಸಂಸ್ಕೃತದಿಂದ ಬಂದ ನಾಮಪದ. ಅದಕ್ಕೆ ಕನ್ನಡದ ‘ಇಸು’ ಹಚ್ಚಿದರೆ ‘ವ್ಯಾಖ್ಯಾನಿಸು’. ಈ ‘ಇಸು’ ಬಹಳ ಕೆಲಸಗಾರ ಪ್ರತ್ಯಯ. ಸಂಸ್ಕೃತದ ‘ಪೂಜೆ’ಯನ್ನು ‘ಪೂಜಿಸು’ ಮಾಡಿದ ಹಾಗೆಯೇ ಪಾರಸಿಯಿಂದ ಬಂದ ‘ಖರೀದಿ’ಯನ್ನು ‘ಖರೀದಿಸು’ ಮಾಡಿತು. ಮುಂದೆ ಇರುವ ‘ಮರು’ ಅಚ್ಚ ಕನ್ನಡದ್ದು. ಅದರಲ್ಲೊಂದು ಸೊಗಸಿದೆ. ‘ಮರುಮದುವೆ’ ಅಂದರೆ ಇನ್ನೊಂದು ಸಲ ಆದ ಮದುವೆ. ‘ಮರುದಿನ’ ಅಂದರೆ ಅದರ ಮುಂದಿನ ದಿನ. ‘ಮರುಮಾತು’ ಅಂದರೆ ಎದುರು ಕೊಟ್ಟ ಮಾತು. ಇನ್ನೊಮ್ಮೆ, ಅದರ ಮುಂದೆ, ಅದಕ್ಕೆ ಎದುರಾಗಿ: ‘ಮರುವ್ಯಾಖ್ಯಾನ’ದಲ್ಲಿ ಈ ಮೂರೂ ಸೇರಿವೆ. ಹಿಂದೆ ಒಬ್ಬರು ಹೇಳಿದ ಅರ್ಥ ಇರಬೇಕು, ಅದನ್ನು ತಿಳಿದು ಅದರ ಮುಂದೆ ಹೋಗಬೇಕು, ಬೇಕಾದರೆ ಅದಕ್ಕೆ ಎದುರೂ ನಿಲ್ಲಬೇಕು. ಹಿಂದಿನ ಅರ್ಥವೇ ಇಲ್ಲದ ಕಡೆ ‘ಮರು’ಗೆ ಕೆಲಸವಿಲ್ಲ.

ಒಂದು ಗೊಂದಲವನ್ನು ಇಲ್ಲೇ ಬಿಡಿಸಿಬಿಡಬೇಕು. ‘ವ್ಯಾಖ್ಯೆ’ ಬೇರೆ, ‘ವ್ಯಾಖ್ಯಾನ’ ಬೇರೆ. ಒಂದು ಪದಕ್ಕೆ ಇಂತಿಷ್ಟೇ ಅರ್ಥ ಎಂದು ಬೇಲಿ ಹಾಕುವುದು ವ್ಯಾಖ್ಯೆ. ಕನ್ನಡದಲ್ಲಿ ಬರುವ ಕಾಯ್ದೆಗಳ ಮೊದಲ ಪುಟಗಳಲ್ಲಿ ‘ಪರಿಭಾಷೆಗಳು’ ಎಂಬ ಭಾಗ ಇರುತ್ತದಲ್ಲ, ಅಲ್ಲಿ ಆಗುವುದು ಇದು. ಹಾಕಿದ ಬೇಲಿಯೊಳಗೆ ಏನೇನು ಬರುತ್ತದೆ, ಏಕೆ ಬರುತ್ತದೆ ಎಂದು ಬಿಡಿಸಿ ಹೇಳುವುದು ವ್ಯಾಖ್ಯಾನ. ಗಮಕದ ಕಾರ್ಯಕ್ರಮಕ್ಕೆ ಹೋದವರಿಗೆ ಇದು ಸುಲಭವಾಗಿ ಹೊಳೆಯುತ್ತದೆ. ಒಬ್ಬರು ಪದ್ಯ ಹಾಡುತ್ತಾರೆ, ಪಕ್ಕದಲ್ಲಿ ಕೂತವರು ವ್ಯಾಖ್ಯಾನ ಮಾಡುತ್ತಾರೆ. ವ್ಯಾಖ್ಯಾನಕಾರರು ಎಷ್ಟೇ ದೂರ ಹೋಗಿ ಬರಲಿ, ಪದ್ಯ ಕದಲುವುದಿಲ್ಲ.

ಈಗ ಆ ತೀರ್ಪಿಗೆ ಬರುತ್ತೇನೆ. ‘ಬದಲಿಸು’ ಮತ್ತು ‘ಮರುವ್ಯಾಖ್ಯಾನಿಸು’ ಎರಡರ ನಡುವಿನ ಅಂತರ ಇಷ್ಟು ಸ್ಪಷ್ಟವಾಗಿ ಕಾಣುವ ಇನ್ನೊಂದು ಉದಾಹರಣೆ ನನಗೆ ಗೊತ್ತಿಲ್ಲ.

ಹಿಂದೂ ಉತ್ತರಾಧಿಕಾರ ಅಧಿನಿಯಮ 1956ರದು. ಒಟ್ಟು ಕುಟುಂಬದ ಪಿತ್ರಾರ್ಜಿತ ಆಸ್ತಿಯಲ್ಲಿ ಹುಟ್ಟಿನಿಂದ ಬರುವ ಪಾಲನ್ನು ಅದು ಗಂಡುಮಕ್ಕಳಿಗೇ ಉಳಿಸಿತ್ತು. ಕರ್ನಾಟಕ 1994ರಲ್ಲಿ ತನ್ನ ಮಟ್ಟಿಗೆ ತಿದ್ದುಪಡಿ ತಂದು ಹೆಣ್ಣುಮಕ್ಕಳನ್ನೂ ಸೇರಿಸಿತು. ಆದರೆ ತಿದ್ದುಪಡಿ ಬರುವ ಮೊದಲೇ ಮದುವೆಯಾದವರು ಹೊರಗುಳಿದರು. ಆಮೇಲೆ ಪಾರ್ಲಿಮೆಂಟಿನ ತಿದ್ದುಪಡಿ ಬಂತು. ಜಾರಿಯಾದ ದಿನ 9 ಸೆಪ್ಟೆಂಬರ್ 2005. ಅದರ 6ನೇ ಕಲಮಿನ ಪ್ರಕಾರ ಮಗಳೂ ಮಗನ ಹಾಗೆಯೇ, ಹುಟ್ಟಿನಿಂದಲೇ, ತನ್ನದೇ ಹಕ್ಕಿನಿಂದ ಪಾಲುದಾರಳು. ಮೊದಲು ಇರಲಿಲ್ಲ, ಬರೆದು ಸೇರಿಸಿದರು. ಆದ್ದರಿಂದ 1994 ಮತ್ತು 2005ರಲ್ಲಿ ಆದದ್ದಕ್ಕೆ ‘ಬದಲಿಸು’, ‘ತಿದ್ದು’ ಎಂಬ ಕ್ರಿಯಾಪದಗಳೇ ಸರಿ.

2005ರ ನಂತರ ಕಾಯ್ದೆಯ ಆ ಸಾಲು ಹಾಗೇ ಇದೆ. ಆದರೆ 2015ರಲ್ಲಿ ಸುಪ್ರೀಂ ಕೋರ್ಟಿನ ಒಂದು ಪೀಠ ಅದನ್ನು ಹೀಗೆ ಓದಿತು: ತಿದ್ದುಪಡಿ ಜಾರಿಯಾದ ದಿನ ತಂದೆಯೂ ಬದುಕಿರಬೇಕು, ಮಗಳೂ ಬದುಕಿರಬೇಕು. 2018ರಲ್ಲಿ ಇನ್ನೊಂದು ಪೀಠ ಬೇರೆ ದಾರಿ ಹಿಡಿಯಿತು. ಕೊನೆಗೆ 11 ಆಗಸ್ಟ್ 2020ರಂದು ಮೂವರು ನ್ಯಾಯಮೂರ್ತಿಗಳ ಪೀಠ ಹೇಳಿತು: ‘ಹುಟ್ಟಿನಿಂದಲೇ’ ಎಂದು ಬರೆದ ಮೇಲೆ ಹಕ್ಕು ಹುಟ್ಟಿಗೆ ಅಂಟಿಕೊಂಡದ್ದು, ತಂದೆಯ ಉಸಿರಿಗೆ ಅಲ್ಲ, ಅವತ್ತು ತಂದೆ ಇದ್ದರೇ ಇಲ್ಲವೇ ಎಂದು ನೋಡಬೇಕಿಲ್ಲ. 20 ಡಿಸೆಂಬರ್ 2004ಕ್ಕೆ ಮೊದಲೇ ನೋಂದಣಿಯಾದ ಪತ್ರದಿಂದಲೋ ಕೋರ್ಟಿನ ಡಿಕ್ರಿಯಿಂದಲೋ ಪಾಲಾಗಿ ಹೋದ ಆಸ್ತಿಯನ್ನು ಮಾತ್ರ ಮತ್ತೆ ಕೆದಕುವಂತಿಲ್ಲ.

ಅಂದರೆ 1998ರಲ್ಲಿ ತಂದೆಯನ್ನು ಕಳೆದುಕೊಂಡ ಜೇವರ್ಗಿಯ ಆ ಅಕ್ಕನಿಗೆ, ಮದುವೆ 1994ರ ತಿದ್ದುಪಡಿಗೆ ಮೊದಲೇ ಆಗಿದ್ದರೆ, 2015ರ ಓದಿನಲ್ಲಿ ಮಗನ ಸಮ ಪಾಲಿಲ್ಲ, 2020ರ ಓದಿನಲ್ಲಿ ಇದೆ. ಎರಡೂ ಸಲ ಮುಂದೆ ಇಟ್ಟುಕೊಂಡ ಪುಟ ಒಂದೇ. ಇದು ಮರುವ್ಯಾಖ್ಯಾನ. ‘ಕಾಯ್ದೆ ಬದಲಿಸಿತು’ ಎಂದು ಬರೆದರೆ ಎದುರಿನ ವಕೀಲರು, “ಹಾಗಾದರೆ ಬದಲಾದ ಮೇಲಿನವರಿಗೆ ಮಾತ್ರ ತಾನೇ?” ಎಂದು ಕೇಳಬಹುದು. ಅದಕ್ಕೇ ಆ ಎರಡು ಗೆರೆ ಬಿದ್ದದ್ದು.

ಮರತೂರಿನ ಪಂಡಿತರು ಒಂದು ಪದವನ್ನು ಓದಿದ ಬಗೆ

2005ರ ಆ 6ನೇ ಕಲಮಿನಲ್ಲಿ ಒಂದು ಹೆಸರು ಬರುತ್ತದೆ. ಅನುವಾದ ಮಾಡುವಾಗ ಪ್ರತಿ ಸಲ ಅದರ ಹತ್ತಿರ ನನ್ನ ಕೈ ನಿಲ್ಲುತ್ತದೆ. “ಮಿತಾಕ್ಷರ ನ್ಯಾಯಕ್ಕೆ ಒಳಪಟ್ಟ ಹಿಂದೂ ಒಟ್ಟು ಕುಟುಂಬದಲ್ಲಿ” ಎಂದು ಆ ಸಾಲಿನಲ್ಲಿ ಬರುತ್ತದೆ. ಮಿತಾಕ್ಷರ ಬರೆದ ವಿಜ್ಞಾನೇಶ್ವರರು ನಮ್ಮ ಜಿಲ್ಲೆಯ ಮರತೂರಿನವರು ಎಂದು ಈ ಭಾಗದವರು ಹೆಮ್ಮೆಯಿಂದ ಹೇಳುತ್ತಾರೆ. ಅವರು ಇದ್ದದ್ದು ಕಲ್ಯಾಣದಲ್ಲಿ, ಈಗಿನ ಬಸವಕಲ್ಯಾಣದಲ್ಲಿ. ಕಾಲ ಚಾಲುಕ್ಯರ ಆರನೇ ವಿಕ್ರಮಾದಿತ್ಯನದು, ಅಂದರೆ 1076ರಿಂದ 1126ರ ಆಸುಪಾಸು. ಕಲ್ಯಾಣದಂಥ ಪಟ್ಟಣ ಭೂಮಿಯ ಮೇಲೆ ಹಿಂದೆ ಇರಲಿಲ್ಲ, ಈಗಿಲ್ಲ, ಮುಂದೆ ಇರುವುದೂ ಇಲ್ಲ ಎಂದು ತಮ್ಮ ಗ್ರಂಥದ ಕೊನೆಗೆ ಬರೆದುಕೊಂಡಿದ್ದಾರೆ. ಊರಿನ ಮೇಲೆ ಅಷ್ಟು ಪ್ರೀತಿ.

ಮಿತಾಕ್ಷರ ಹೊಸ ಕಾನೂನಿನ ಪುಸ್ತಕವಲ್ಲ. ಯಾಜ್ಞವಲ್ಕ್ಯ ಸ್ಮೃತಿ ಎಂಬ ಹಳೆಯ ಗ್ರಂಥಕ್ಕೆ ಬರೆದ ವ್ಯಾಖ್ಯಾನ. ಹೆಸರಿನ ಅರ್ಥವೇ ಅಳೆದು ಬಳಸಿದ ಅಕ್ಷರ ಎಂದು. ಆದರೂ ಬಂಗಾಳ, ಅಸ್ಸಾಂ ಬಿಟ್ಟು ಹೆಚ್ಚು ಕಡಿಮೆ ಇಡೀ ದೇಶದ ಹಿಂದೂ ಕುಟುಂಬಗಳ ಆಸ್ತಿ ಹಂಚಿಕೆ ನೂರಾರು ವರ್ಷ ಇದರ ಮೇಲೆ ನಿಂತಿತು. ಅವರು ಓದಿದ ರೀತಿಯನ್ನು ಹತ್ತಿರದಿಂದ ನೋಡಿದರೆ ನಮ್ಮ ಕ್ರಿಯಾಪದ ಪೂರ್ತಿ ಬಿಡಿಸಿಕೊಳ್ಳುತ್ತದೆ.

‘ಸಪಿಂಡ’ ಎಂಬ ಪದ ತೆಗೆದುಕೊಳ್ಳಿ. ಒಂದೇ ಪಿಂಡದವರು ಎಂದರ್ಥ. ಪಿಂಡ ಅಂದ ಕೂಡಲೇ ನಮ್ಮ ಕಣ್ಣ ಮುಂದೆ ಬರುವುದು ತಿಥಿಯ ದಿನ ಇಡುವ ಅನ್ನದ ಉಂಡೆ. ಹಾಗೆ ಓದಿದರೆ ಸಪಿಂಡರು ಅಂದರೆ ಪಿಂಡಪ್ರದಾನದಿಂದ ಜೋಡಣೆಯಾದವರು. ವಿಜ್ಞಾನೇಶ್ವರರು ಇಲ್ಲಿ ಪಿಂಡ ಅಂದರೆ ದೇಹ ಎಂದರು. ಒಂದೇ ದೇಹದ ಅಂಶ ಯಾರಲ್ಲಿ ಹರಿದುಬಂದಿದೆಯೋ ಅವರು ಸಪಿಂಡರು. ಮಗನಲ್ಲಿ ತಂದೆಯ ದೇಹದ ಅಂಶ ಇದೆ, ತಾಯಿಯದೂ ಇದೆ. ತಾಯಿಯ ಮೂಲಕ ಅಜ್ಜನದು, ಸೋದರಮಾವನದು ಕೂಡ ಸೇರಿಕೊಳ್ಳುತ್ತದೆ.

ಇಷ್ಟೇ ಹೇಳಿ ಬಿಟ್ಟಿದ್ದರೆ ಅದು ಅವರ ಅಭಿಪ್ರಾಯವಾಗಿ ಉಳಿಯುತ್ತಿತ್ತು. ಅವರು ಬಿಡಲಿಲ್ಲ. ಅನ್ನದ ಉಂಡೆ ಎಂದೇ ಹಿಡಿದರೆ ತಾಯಿಯ ಕಡೆಯ ನೆಂಟರು, ಅಣ್ಣತಮ್ಮಂದಿರ ಮಕ್ಕಳು ಇವರೆಲ್ಲ ಲೆಕ್ಕಕ್ಕೇ ಬರುವುದಿಲ್ಲವಲ್ಲ ಎಂದು ಹಳೆಯ ಓದು ಎಲ್ಲಿ ಕುಂಟುತ್ತದೆ ಎಂಬುದನ್ನು ತೋರಿಸಿದರು. ತಮ್ಮ ಓದಿಗೆ ವೇದದ ವಾಕ್ಯಗಳ ಆಧಾರ ಕೊಟ್ಟರು. ಬಂಗಾಳದಲ್ಲಿ ‘ದಾಯಭಾಗ’ ಬರೆದ ಜೀಮೂತವಾಹನರು ಪಿಂಡ ಅಂದರೆ ಪಿತೃಗಳಿಗೆ ಇಡುವ ಪಿಂಡವೇ ಎಂದು ಹಿಡಿದರು. ಆಸ್ತಿ ಯಾರಿಗೆ ಎಂಬ ಅಲ್ಲಿನ ಲೆಕ್ಕವೇ ಬೇರೆಯಾಯಿತು. ಎರಡಕ್ಷರದ ಒಂದು ಪದ, ಎರಡು ಓದು, ಎರಡು ಪ್ರಾಂತಗಳ ಕುಟುಂಬಗಳಿಗೆ ಎರಡು ದಾರಿ.

ಇದಕ್ಕಿಂತ ನನಗೆ ಇಷ್ಟವಾಗುವುದು ‘ಪಿತರೌ’ ಎಂಬ ಪದದ ಮೇಲೆ ಅವರು ಕೂತ ಬಗೆ. ಗಂಡುಮಕ್ಕಳಿಲ್ಲದೆ ಒಬ್ಬ ಸತ್ತರೆ ಆಸ್ತಿ ಯಾರಿಗೆ? ಸ್ಮೃತಿ ಒಂದು ಸಾಲು ಕೊಡುತ್ತದೆ: ಹೆಂಡತಿ, ಹೆಣ್ಣುಮಕ್ಕಳು, ಆಮೇಲೆ ‘ಪಿತರೌ’. ಪಿತರೌ ಅಂದರೆ ತಂದೆತಾಯಿ ಇಬ್ಬರೂ. ಇಬ್ಬರಲ್ಲಿ ಮೊದಲು ಯಾರು? ಮೂಲ ಸುಮ್ಮನಿದೆ. ಪದದ ಹೊರಮೈ ನೋಡಿದರೆ ‘ಪಿತೃ’ ಮಾತ್ರ ಕಾಣುತ್ತದೆ, ತಂದೆಯೇ ಮೊದಲು ಅನಿಸುತ್ತದೆ. ವಿಜ್ಞಾನೇಶ್ವರರು ವ್ಯಾಕರಣ ತೆಗೆದರು. ಈ ಪದವನ್ನು ಬಿಡಿಸಿದರೆ ‘ಮಾತಾ ಚ ಪಿತಾ ಚ’ ಎಂದಾಗುತ್ತದೆ. ಬಿಡಿಸಿದಾಗ ಮೊದಲು ಬರುವುದು ತಾಯಿ. ಜೊತೆಗೆ ಮಗನಿಗೆ ಜಾಸ್ತಿ ಹತ್ತಿರದವಳೂ ತಾಯಿಯೇ. ಆದ್ದರಿಂದ ಮೊದಲ ಹಕ್ಕು ತಾಯಿಯದು. ಒಂದು ಸಮಾಸದ ಒಳಗೆ ಅಡಗಿಕೊಂಡಿದ್ದ ತಾಯಿಯನ್ನು ಹೊರಗೆ ಕರೆದು ಮುಂದೆ ಕೂರಿಸಿದ ಹಾಗೆ. ಇದನ್ನು ಓದಿದಾಗಲೆಲ್ಲ ನನಗೆ ಮೈ ಜುಮ್ಮೆನ್ನುತ್ತದೆ.

ಸ್ತ್ರೀಧನದ ವಿಷಯದಲ್ಲೂ ಹೀಗೆಯೇ ಮಾಡಿದರು. ತಂದೆ, ತಾಯಿ, ಗಂಡ, ಅಣ್ಣತಮ್ಮಂದಿರು ಕೊಟ್ಟದ್ದು ಇತ್ಯಾದಿ ಪಟ್ಟಿ ಮಾಡಿ ಸ್ಮೃತಿ ಕೊನೆಗೆ ‘ಆದ್ಯ’ ಎನ್ನುತ್ತದೆ. ‘ಮೊದಲಾದದ್ದು’ ಎಂದರ್ಥ. ಆ ‘ಮೊದಲಾದದ್ದು’ ಒಳಗೆ ಅವರು ವಾರಸಿನಿಂದ ಬಂದದ್ದು, ಕೊಂಡದ್ದು, ಪಾಲಿಗೆ ಬಂದದ್ದು, ವಶಕ್ಕೆ ಪಡೆದದ್ದು, ಸಿಕ್ಕಿದ್ದು ಎಲ್ಲವನ್ನೂ ತಂದು ಇಟ್ಟರು. ಸ್ತ್ರೀಧನ ಎಂಬುದು ಪಾರಿಭಾಷಿಕ ಪದವಲ್ಲ, ಬಿಡಿಸಿದರೆ ಸಿಗುವ ಅರ್ಥವೇ ಅದರ ಅರ್ಥ ಎಂದರು. ಹೆಣ್ಣಿನ ಧನ ಎಲ್ಲವೂ ಸ್ತ್ರೀಧನ. ಬ್ರಿಟಿಷರ ಕಾಲದಲ್ಲಿ ಕೊನೆಯ ಮೇಲ್ಮನವಿ ಕೇಳುತ್ತಿದ್ದ ಪ್ರಿವಿ ಕೌನ್ಸಿಲ್ ಇದನ್ನು ಅಷ್ಟು ಅಗಲವಾಗಿ ಒಪ್ಪಲಿಲ್ಲ. ಆದರೆ 1956ರ ಅಧಿನಿಯಮದ 14ನೇ ಕಲಮು ಓದಿ ನೋಡಿ. ವಾರಸು, ಪಾಲು, ಖರೀದಿ, ಉಡುಗೊರೆ, ಸ್ವಂತ ದುಡಿಮೆ, ಹೇಗೇ ಬಂದಿರಲಿ, ಹೆಣ್ಣುಮಗಳೇ ಪೂರ್ಣ ಒಡತಿ ಎನ್ನುತ್ತದೆ. ಮರತೂರಿನ ಪಂಡಿತರ ಪಟ್ಟಿ ನೆನಪಾಗದೆ ಇರುವುದಿಲ್ಲ.

ಒಂದು ಮಾತು ಹೇಳಲೇಬೇಕು. ಹುಟ್ಟಿನಿಂದಲೇ ಹಕ್ಕು ಎಂದು ಗಟ್ಟಿಯಾಗಿ ವಾದಿಸಿದವರೂ ಇದೇ ವಿಜ್ಞಾನೇಶ್ವರರು. ಆ ಹಕ್ಕನ್ನು ಅವರು ಕೊಟ್ಟದ್ದು ಗಂಡುಮಕ್ಕಳಿಗೆ. ಮಗಳಿಗೆ ಅದು ವ್ಯಾಖ್ಯಾನದಿಂದ ಸಿಗಲಿಲ್ಲ, 2005ರಲ್ಲಿ ಬರೆದು ಸೇರಿಸಬೇಕಾಯಿತು. ಎಷ್ಟು ಚೆನ್ನಾಗಿ ಓದಿದರೂ ಪುಟದಲ್ಲಿ ಹಿಡಿತ ಸಿಗದಿದ್ದರೆ ಈ ಕ್ರಿಯಾಪದ ಅಲ್ಲಿಗೇ ನಿಲ್ಲುತ್ತದೆ. ಮುಂದಿನದು ‘ತಿದ್ದು’ ಎಂಬ ಕ್ರಿಯಾಪದದ ಕೆಲಸ.

ಅದೇ ಊರು, ಇನ್ನೊಂದು ರೀತಿ

ವಿಕ್ರಮಾದಿತ್ಯ ತೀರಿಕೊಂಡು ಐವತ್ತು ವರ್ಷವೂ ಆಗಿರಲಿಲ್ಲ. ಅದೇ ಕಲ್ಯಾಣದಲ್ಲಿ ಬಸವಣ್ಣನವರು ಮತ್ತು ಅವರ ಜೊತೆಗಾರರು ಪದಗಳನ್ನು ಇನ್ನೊಂದು ರೀತಿಯಲ್ಲಿ ಓದತೊಡಗಿದರು.

ನನ್ನ ಮೇಜಿನ ಮೇಲೆ ಬರುವ ಹಳೆಯ ಪತ್ರಗಳಲ್ಲಿ ‘ಸ್ಥಾವರ ಜಂಗಮ ಆಸ್ತಿ’ ಎಂಬ ಮಾತು ಇರುತ್ತದೆ. ಹೊಲ, ಮನೆ, ಬಾವಿ ಸ್ಥಾವರ. ದನ, ಬಂಗಾರ, ಪಾತ್ರೆಪಗಡೆ ಜಂಗಮ. ಕದಲದ್ದು, ಕದಲುವಂಥದ್ದು. ಮಿತಾಕ್ಷರದಲ್ಲೂ ‘ಸ್ಥಾವರ’ ಅಂದರೆ ಇದೇ ಸ್ಥಿರಾಸ್ತಿ. ಇದೇ ಜೋಡಿಯನ್ನು ಎತ್ತಿಕೊಂಡು ಬಸವಣ್ಣನವರು “ಸ್ಥಾವರಕ್ಕಳಿವುಂಟು, ಜಂಗಮಕ್ಕಳಿವಿಲ್ಲ” ಎಂದರು. ಲೋಕದ ಲೆಕ್ಕದಲ್ಲಿ ಉಳಿಯುವುದು ಸ್ಥಾವರ, ಅಲ್ವಾ? ಮನೆ ನಿಲ್ಲುತ್ತದೆ, ಮನುಷ್ಯ ಹೋಗುತ್ತಾನೆ. ವಚನ ಅದನ್ನು ತಿರುವಿ ಇಟ್ಟಿತು. ಕಟ್ಟಿದ ಗುಡಿ ಬೀಳುತ್ತದೆ. ನಡೆಯುವ, ಅರಿಯುವ ಜೀವ ಬೀಳುವುದಿಲ್ಲ. ಅದೇ ವಚನದಲ್ಲಿ ಕಾಲೇ ಕಂಬ, ದೇಹವೇ ದೇಗುಲ, ತಲೆಯೇ ಹೊನ್ನ ಕಳಸ. ಬಡವನಿಗೂ ಗುಡಿ ಸಿಕ್ಕಿತು.

ವಿಜ್ಞಾನೇಶ್ವರರು ಪುಟದ ಒಳಗೆ ಕೂತು ವ್ಯಾಕರಣ ಹಿಡಿದು ಓದಿದರು. ಬಸವಣ್ಣನವರ ಮುಂದೆ ಯಾವ ಪುಟವೂ ಇರಲಿಲ್ಲ, ಜನರ ಬಾಯಲ್ಲಿದ್ದ ಪದ ಇತ್ತು. ಆದರೂ ಇಬ್ಬರಿಗೂ ಈ ಕ್ರಿಯಾಪದ ಒಪ್ಪುತ್ತದೆ. ‘ದೇಗುಲ’ ಎಂಬ ಪದವನ್ನು ಬಸವಣ್ಣನವರು ಎಸೆಯಲಿಲ್ಲ. ಕಂಬ, ಕಳಸ ಒಂದನ್ನೂ ಬಿಡಲಿಲ್ಲ. ಹಳೆಯ ಗುಡಿಯ ಒಂದೊಂದು ಭಾಗವನ್ನೂ ಮೈಯ ಒಂದೊಂದು ಭಾಗಕ್ಕೆ ಜೋಡಿಸಿ ತೋರಿಸಿದರು. ಆ ಜೋಡಣೆ ಕಣ್ಣಿಗೆ ಕಾಣುತ್ತದೆ, ಯಾರು ಬೇಕಾದರೂ ಮುಟ್ಟಿ ನೋಡಬಹುದು. ‘ಕೈಲಾಸ’ವನ್ನು ಬೆಟ್ಟದ ತುದಿಯಿಂದ ಇಳಿಸಿ ದುಡಿಯುವ ಕೈಗೆ ತಂದುಕೊಟ್ಟ ಆಯ್ದಕ್ಕಿ ಮಾರಯ್ಯನವರ ಮಾತೂ ಇದೇ ಜಾತಿಯದು. ಗುರುದರ್ಶನ ಮರೆತರೂ ಸರಿ, ಲಿಂಗಪೂಜೆ ಮರೆತರೂ ಸರಿ, ಕಾಯಕದಲ್ಲಿ ಮುಳುಗಿರು ಎನ್ನುವಷ್ಟು ದೂರ ಅವರು ಹೋದರು.

ಯಾವುದು ಮರುವ್ಯಾಖ್ಯಾನ ಅಲ್ಲ

ಕಾಲ ಕಳೆದಂತೆ ಪದದ ಅರ್ಥ ತಾನಾಗಿಯೇ ಸರಿಯುವುದುಂಟು. ಅದಕ್ಕೆ ಈ ಕ್ರಿಯಾಪದ ಬೇಡ. ‘ಟೀಕೆ’ ಅಂದರೆ ಹಿಂದೆ ವ್ಯಾಖ್ಯಾನವೇ. ಮಳಖೇಡದಲ್ಲಿ ಕಾಗಿಣಾ ದಂಡೆಯ ಮಠಕ್ಕೆ ಹೋಗುವ ಭಕ್ತರು ಜಯತೀರ್ಥರನ್ನು ‘ಟೀಕಾರಾಯರು’ ಎಂದು ಕೈಮುಗಿಯುತ್ತಾರೆ. ಮಧ್ವಾಚಾರ್ಯರ ಗ್ರಂಥಗಳಿಗೆ ಟೀಕೆ ಬರೆದವರು ಎಂಬ ಗೌರವದಿಂದ. ಇವತ್ತು ಪೇಪರಿನಲ್ಲಿ “ಸರ್ಕಾರದ ವಿರುದ್ಧ ಟೀಕೆ” ಅಂದರೆ ಬೈಗುಳಕ್ಕೆ ಹತ್ತಿರದ ಮಾತು. ಯಾರೂ ಕೂತು ಇದನ್ನು ಬದಲಿಸಲಿಲ್ಲ, ಬಾಯಿಂದ ಬಾಯಿಗೆ ಸವೆದು ಹೀಗಾಯಿತು. ‘ದಾಸೋಹ’ವೂ ಅಷ್ಟೇ. ದಾಸನು ನಾನು ಎಂಬ ಭಾವದಿಂದ ಹೊರಟು, ಶರಣರಲ್ಲಿ ದುಡಿದದ್ದನ್ನು ಸಮಾಜಕ್ಕೆ ಅರ್ಪಿಸುವ ತತ್ವವಾಗಿ, ಇವತ್ತು ನಮ್ಮ ಊರಿನ ಶರಣಬಸವೇಶ್ವರ ಗುಡಿಯಲ್ಲಿ ಪಂಕ್ತಿಯಲ್ಲಿ ಕೂತು ಉಣ್ಣುವ ಊಟದವರೆಗೆ ಬಂದಿದೆ. 2002ರಲ್ಲಿ ಈ ಭಾಗದ ಜಿಲ್ಲೆಗಳಿಂದಲೇ ಶುರುವಾದ ಶಾಲೆಯ ಬಿಸಿಯೂಟಕ್ಕೆ ‘ಅಕ್ಷರ ದಾಸೋಹ’ ಎಂದು ಹೆಸರಿಟ್ಟಾಗ ಮಾತ್ರ ಯಾರೋ ಬೇಕೆಂದೇ ಹಳೆಯ ಪದವನ್ನು ಹೊಸ ಜಾಗಕ್ಕೆ ತಂದರು. ಶರಣರು ಕೊಟ್ಟ ಅರ್ಥಕ್ಕೂ, ಹೆಸರಿಟ್ಟವರ ಈ ಕೆಲಸಕ್ಕೂ ‘ಮರುವ್ಯಾಖ್ಯಾನಿಸು’ ಎನ್ನಬಹುದು. ನಡುವೆ ಆದ ಸವೆತಕ್ಕೆ ‘ಅರ್ಥ ಬದಲಾಯಿತು’ ಸಾಕು.

ಹೆಸರು ಬದಲಿಸುವುದೂ ಬೇರೆ. 2019ರಲ್ಲಿ ಹೈದರಾಬಾದ್ ಕರ್ನಾಟಕ ಹೋಗಿ ಕಲ್ಯಾಣ ಕರ್ನಾಟಕ ಆಯಿತು. ಅದು ಮರುನಾಮಕರಣ. ಆದರೆ ‘ಗುಲ್ಬರ್ಗಾ’ ಎಂಬ ಹಳೆಯ ಹೆಸರನ್ನು ಪಾರಸಿ ಬಲ್ಲವರು ಗುಲ್ ಅಂದರೆ ಹೂ, ಬರ್ಗ್ ಅಂದರೆ ಎಲೆ ಎಂದು ಬಿಡಿಸುತ್ತಾರೆ, ಕನ್ನಡದವರು ‘ಕಲಬುರಗಿ’ಯಲ್ಲಿ ಕಲ್ಲನ್ನು ಕಾಣುತ್ತಾರೆ. ಒಂದೇ ಊರು ಒಬ್ಬರಿಗೆ ಹೂತೋಟ, ಇನ್ನೊಬ್ಬರಿಗೆ ಕಲ್ಲುನೆಲ. ಹೆಸರಿನ ವ್ಯಾಖ್ಯಾನ ಅಂದರೆ ಇದು.

ಇನ್ನು ‘ತಿರುಚು’. “ನನ್ನ ಮಾತನ್ನು ತಿರುಚಿದ್ದಾರೆ” ಎಂಬ ಹೇಳಿಕೆ ವಾರಕ್ಕೊಮ್ಮೆಯಾದರೂ ಬರುತ್ತದೆ. ತಿರುಚುವವನು ಹಿಂದಿನ ಮುಂದಿನ ಸಾಲು ಮುಚ್ಚಿಡುತ್ತಾನೆ. ಮರುವ್ಯಾಖ್ಯಾನಿಸುವವನು ಅವನ್ನು ತೆರೆದಿಡಲೇಬೇಕು, ಇಲ್ಲದಿದ್ದರೆ ಅವನ ಓದಿಗೆ ಆಧಾರವೇ ಸಿಗದು. ಕೇಳಿದವರೇ ತಪ್ಪು ತಿಳಿದುಕೊಂಡರೆ ಅದು ‘ಅಪಾರ್ಥ ಮಾಡಿಕೊಳ್ಳು’. ಇಲ್ಲಿನ ‘ಕೊಳ್ಳು’ ಗಮನಿಸಿ. ‘ಅರ್ಥೈಸು’ ಅಂದರೆ ಇನ್ನೊಬ್ಬರಿಗೆ ಅರ್ಥ ಬಿಡಿಸಿ ಹೇಳುವುದು, ‘ಅರ್ಥೈಸಿಕೊಳ್ಳು’ ಅಂದರೆ ತನಗೆ ತಾನು ತಿಳಿದುಕೊಳ್ಳುವುದು. ಅನುವಾದದಲ್ಲಿ ಇವೆರಡು ಕಲೆಸಿಹೋದರೆ ಯಾರು ಯಾರಿಗೆ ಹೇಳಿದರು ಎಂಬುದೇ ಕಲೆಸಿಹೋಗುತ್ತದೆ.

ಬಳಸುವಾಗ

ವಾಕ್ಯದಲ್ಲಿ ಈ ಕ್ರಿಯಾಪದ ಮೂರು ಪ್ರಶ್ನೆಗೆ ಉತ್ತರ ಬೇಡುತ್ತದೆ: ಯಾರು, ಯಾವುದನ್ನು, ಏನೆಂದು. “ವಿಜ್ಞಾನೇಶ್ವರರು ಪಿಂಡ ಎಂಬ ಪದವನ್ನು ದೇಹ ಎಂದು ವ್ಯಾಖ್ಯಾನಿಸಿದರು.” ಮೂರೂ ಇವೆ, ವಾಕ್ಯ ನೆಲಕ್ಕೆ ಕಾಲೂರಿ ನಿಂತಿದೆ. “ಸಂಪ್ರದಾಯ ಮರುವ್ಯಾಖ್ಯಾನಗೊಳ್ಳುತ್ತಿದೆ” ಎಂಬಂಥ ವಾಕ್ಯ ಬಂದರೆ ನಾನು ಪೆನ್ಸಿಲ್ ಎತ್ತಿಕೊಳ್ಳುತ್ತೇನೆ. ‘ಗೊಳ್ಳು’ ಬಂದ ಕೂಡಲೇ ಮಾಡಿದವರು ಕಾಣೆಯಾಗುತ್ತಾರೆ. ಹೊಸ ಅರ್ಥ ಕೊಟ್ಟವರು ಇದ್ದೇ ಇರುತ್ತಾರೆ, ಅವರ ಹೆಸರು ಬರಲಿ.

ಜಾಹೀರಾತಿನ “ಐಷಾರಾಮವನ್ನು ಮರುವ್ಯಾಖ್ಯಾನಿಸುವ ಮನೆಗಳು” ಕನ್ನಡಕ್ಕೆ ಒಗ್ಗುವುದಿಲ್ಲ. ಅಲ್ಲಿ ಹಿಂದಿನ ಓದೂ ಇಲ್ಲ, ಹೊಸ ಓದೂ ಇಲ್ಲ. “ಇಂಥ ಮನೆ ನೀವು ನೋಡಿರಲಿಕ್ಕಿಲ್ಲ” ಅಂದರೆ ಸಾಕು. ಜಾತ್ರೆಯ ಸಭೆಯಲ್ಲಿ ಒಬ್ಬರು “ಜಾತ್ರೆಯನ್ನು ಮರುವ್ಯಾಖ್ಯಾನಿಸಬೇಕು” ಎಂದದ್ದು ಕೇಳಿದ್ದೇನೆ. ಅವರ ಮನಸ್ಸಿನಲ್ಲಿದ್ದದ್ದು ತೇರಿನ ದಾರಿ ಬದಲಿಸುವುದು, ನೀರಿನ ವ್ಯವಸ್ಥೆ ಸರಿ ಮಾಡುವುದು. ಹಾಗೇ ಹೇಳಬಹುದಿತ್ತು. ಆಟದ ಪುಟದ “ಬ್ಯಾಟಿಂಗ್‌ಗೆ ಹೊಸ ಭಾಷ್ಯ ಬರೆದ” ನನಗೆ ಅಷ್ಟು ಕಷ್ಟವಾಗುವುದಿಲ್ಲ. ಅದು ಕನ್ನಡದಲ್ಲಿ ಬೇರು ಬಿಟ್ಟ ನುಡಿಗಟ್ಟು, ಬ್ಯಾಟನ್ನೇ ಲೇಖನಿ ಮಾಡಿದ ರೂಪಕ.

ಉದ್ದ ಪದ ಬೇಡ ಅನಿಸಿದಾಗ ಹತ್ತಿರದ್ದೇ ಇವೆ. ‘ಮರುಓದು’ ವಿಮರ್ಶೆಯಲ್ಲಿ ಚೆನ್ನಾಗಿ ನೆಲೆಯಾಗಿದೆ. ಮನೆಮಾತಿನಲ್ಲಿ ನಮ್ಮ ಕಡೆ ‘ಅರ್ಥ ಹಚ್ಚು’ ಎನ್ನುತ್ತೇವೆ: “ನಾ ಒಂದ್ ಹೇಳಿದ್ರ ಅದಕ್ಕ ಇನ್ನೊಂದ್ ಅರ್ಥ ಹಚ್ಚಬ್ಯಾಡ.” ಇಲ್ಲಿ ಅರ್ಥ ಹೊರಗಿನಿಂದ ತಂದು ಅಂಟಿಸಿದ್ದು ಎಂಬ ದೂರು ಕೇಳುತ್ತದೆ. ಉರ್ದುವಿನಿಂದ ಬಂದ ‘ಮತಲಬು’ ಇನ್ನೂ ಆಳದ್ದು. ಅದಕ್ಕೆ ಅರ್ಥ ಎಂದೂ ಅರ್ಥ, ಸ್ವಾರ್ಥದ ಉದ್ದೇಶ ಎಂದೂ ಅರ್ಥ. ‘ಮತಲಬಿ ಮನುಷ್ಯ’ ಅಂದರೆ ತನ್ನ ಲಾಭ ನೋಡುವವನು. ಯಾರಾದರೂ ಹೊಸ ಅರ್ಥ ಹೇಳಿದಾಗ ಅದರಲ್ಲಿ ಅವರ ಮತಲಬು ಏನು ಎಂದು ಕಲಬುರಗಿಯವರು ಒಂದೇ ಪದದಲ್ಲಿ ಎರಡೂ ಕೇಳಿಬಿಡುತ್ತಾರೆ.

ಬಹಳ ತಡವಾಗಿ ಗಮನಕ್ಕೆ ಬಂದ ಒಂದು ವಿಷಯ ಉಳಿದಿದೆ. “ನಾನು ಮರುವ್ಯಾಖ್ಯಾನಿಸುತ್ತೇನೆ” ಎಂದು ಯಾರೂ ಹೇಳಿಕೊಳ್ಳುವುದಿಲ್ಲ. ವಿಜ್ಞಾನೇಶ್ವರರು ತಾವು ಹೊಸ ಅರ್ಥ ಕೊಡುತ್ತಿದ್ದೇವೆ ಎನ್ನಲಿಲ್ಲ. ಸ್ಮೃತಿ ಹೇಳುವುದೇ ಇದು ಎಂದರು. 2020ರ ಪೀಠವೂ ಅಷ್ಟೇ. 6ನೇ ಕಲಮಿನ ಅರ್ಥ ಮೊದಲಿನಿಂದಲೂ ಇದೇ, 2015ರ ಓದು ಸರಿಯಲ್ಲ ಎಂದಿತು. ‘ಮರು’ ಸೇರಿಸುವುದು ಯಾವಾಗಲೂ ಪಕ್ಕದಲ್ಲಿ ನಿಂತು ನೋಡುವ ನಾವು. ಒಳಗೆ ಕೂತು ಓದುವವರ ಪಾಲಿಗೆ ಅದು ಬರೀ ವ್ಯಾಖ್ಯಾನ.

ಹಾಗಾಗಿ ಆ ಟಿಪ್ಪಣಿಯನ್ನು ತಿದ್ದುವಾಗ ‘ಮರು’ವನ್ನೂ ಬಿಟ್ಟೆ. “ತಂದೆ ಬದುಕಿರಲಿ ಇಲ್ಲದಿರಲಿ, ಮಗಳ ಹಕ್ಕು ಹುಟ್ಟಿನಿಂದಲೇ ಬಂದದ್ದು ಎಂದು ಸುಪ್ರೀಂ ಕೋರ್ಟ್ 6ನೇ ಕಲಮನ್ನು ವ್ಯಾಖ್ಯಾನಿಸಿದೆ.” ವಕೀಲರು ಓದಿ ತಲೆಯಾಡಿಸಿದರು, ಗೆರೆ ಎಳೆಯಲಿಲ್ಲ.

ಆ ಅಕ್ಕ ಕಾಗದ ಒಯ್ಯಲು ಬಂದಾಗ ಅವರ ಮಾತಿನಲ್ಲೇ ಹೇಳಿದೆ: “ಅಕ್ಕಾ, ಕಾಯ್ದಾ ಅದೇ ಅದ. ನಿಮ್ಮ ಪಾಲು ಅದರಾಗ ಮೊದಲೇ ಬರದಿತ್ತು ಅಂತ ಕೋರ್ಟ್ ಓದಿ ಹೇಳ್ಯದ.” ಅವರು ಪೇಪರ್ ತುಣುಕನ್ನು ಅದೇ ಹಳೆಯ ಮಡಿಕೆಗಳ ಮೇಲೆ ಮಡಿಚಿ ಚೀಲದಲ್ಲಿ ಇಟ್ಟುಕೊಂಡರು. ಬಾಗಿಲ ತನಕ ಹೋಗಿ ತಿರುಗಿ ಕೇಳಿದರು: “ಮೊದಲೇ ಬರದಿತ್ತಂದ್ರ, ಇಷ್ಟು ದಿನ ಯಾರೂ ಯಾಕ ಓದಲಿಲ್ರಿ ಸರ?”